ಮಾವನವರ ಗಿಟಾರೂ ನಮ್ಮ ಮನೆಯ ಒದ್ದೆ ಬಟ್ಟೆಯೂ

ನಮ್ಮ ಮಾವನವರಿಗೆ ಗಿಟಾರ್ ಬಾರಿಸಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಡೊಂಬಿವಲಿ ಪೂರ್ವದ ನಮ್ಮ ಗಲ್ಲಿಯಲ್ಲಿ ತರಕಾರಿ ಮಾರುವವನಿಂದ ಹಿಡಿದು ಸೊಸೈಟಿಯ ಸೆಕ್ರೆಟರಿಯವರೆಗೆ ಎಲ್ಲರೂ ಅವರನ್ನು 'ಗಿಟಾರ್‌ವಾಲೇ ಅಂಕಲ್' ಎಂದೇ ಕರೆಯುತ್ತಾರೆ. ಒಂದು ವರ್ಷ ಗಣಪತಿ ಮಂಡಳಿಯವರು ಕಾರ್ಯಕ್ರಮ ಕೊಡಿ ಎಂದು ಕೇಳಲು ಮನೆಗೇ ಬಂದುಬಿಟ್ಟಿದ್ದರು! ಮಾವನವರು ಬಹಳ ಗಂಭೀರವಾಗಿ, "ನಾನು ಸ್ಟೇಜಿನಲ್ಲಿ ಬಾರಿಸುದಿಲ್ಲ" ಎಂದರು. ಸ್ಟೇಜಿನ ಕೆಳಗೂ ಬಾರಿಸುವುದಿಲ್ಲ, ಎಲ್ಲಿಯೂ ಬಾರಿಸುವುದಿಲ್ಲ, ಬಾರಿಸಲು ಬರುವುದೇ ಇಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ. ಬಂದವರು ಎಂಥ ವಿನಯವಂತರು ಎಂದು ಕೈಮುಗಿದು ಹೋದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನಗೆ ಮೈಯೆಲ್ಲ ಉರಿಯಿತು.

ಉರಿಯದೆ ಏನು ಮಾಡಲಿ ಹೇಳಿ? ಆ ಗಿಟಾರಿನ ಕಾಟವನ್ನು ಅನುಭವಿಸಿದವಳು ನಾನು, ಕೈಮುಗಿಸಿಕೊಳ್ಳುವವರು ಅವರು!

ಆ ಗಿಟಾರು ನಮ್ಮ ಮನೆಗೆ ಬಂದ ಕಥೆ ಕೇಳಿದರೆ ನಿಮಗೂ ಹಾಗೇ ಅನ್ನಿಸುತ್ತದೆ. ಮಾವನವರು ಉಡುಪಿಯ ಕಡೆಯವರು, ಮಹಾಪೆಯ ಕಾರ್ಖಾನೆಗಳ ನಡುವೆ ಒಂದು ಕ್ಯಾಂಟೀನ್ ನಡೆಸುತ್ತಿದ್ದರು. ನನ್ನ ಮದುವೆಗೆ ಮೂರ್ನಾಲ್ಕು ವರ್ಷ ಮುಂಚೆ, ಕಲ್ಯಾಣದಲ್ಲಿ ಯಾವುದೋ ಹಳೇ ಕ್ಲಬ್ಬಿನ ಕುರ್ಚಿ ಮೇಜುಗಳನ್ನು ಭಂಗಾರದ, ಅಂದರೆ ಗುಜರಿ ಸಾಮಾನಿನ, ಅಂಗಡಿಯವನು ಮಾರುತ್ತಿದ್ದಾನೆ ಎಂದು ತಿಳಿದು ಹೋದರಂತೆ. ಹನ್ನೆರಡು ಕುರ್ಚಿ ಬೇಕಿತ್ತು, ಹನ್ನೊಂದೇ ಇದ್ದವು. ಒಂದು ಕುರ್ಚಿ ಕಮ್ಮಿ ಬಿತ್ತಲ್ಲ ಎಂದು ಇವರು ಜಗಳ ತೆಗೆದಾಗ ಅಂಗಡಿಯವನು ಮೂಲೆಯಲ್ಲಿ ತಂತಿ ಇಲ್ಲದೆ ಬಿದ್ದಿದ್ದ ಗಿಟಾರನ್ನು ಎತ್ತಿ, "ಲೇ ಜಾವ್ ಸೇಠ್, ಇದನ್ನೂ ತಗೋ" ಎಂದು ಟೆಂಪೋದೊಳಗೆ ಹಾಕಿದನಂತೆ. ಅಂದರೆ, ನಮ್ಮ ಮನೆಯ ಈ ಮಹಾರಾಣಿ ಬಂದದ್ದು ಹನ್ನೆರಡನೇ ಕುರ್ಚಿಯ ಬದಲಿಗೆ!

ಅದು ಎರಡು ವರ್ಷ ಕ್ಯಾಂಟೀನಿನ ಗೋಡೆಯ ಮೇಲೆ, ವಡೆ ಕರಿಯುವ ಒಲೆಯ ಪಕ್ಕದ ಮೊಳೆಗೆ ನೇತುಬಿದ್ದಿತ್ತು. ಅಷ್ಟರಲ್ಲಿ ಆ ಪ್ರದೇಶಕ್ಕೆ ಕಂಪ್ಯೂಟರ್ ಕಂಪನಿಗಳು ಬಂದವು. ಹಾಗೆ ಬಂದ ಬೆಂಗಳೂರಿನ ಹುಡುಗನೊಬ್ಬ ಒಂದು ದಿನ ಇಡ್ಲಿ ತಿನ್ನುತ್ತಾ ತಲೆಯೆತ್ತಿ ನೋಡಿ, ಕೈಯಲ್ಲಿದ್ದ ಚಮಚವನ್ನು ಸಾಂಬಾರಿಗೆ ಬೀಳಿಸಿದನಂತೆ.

"ಅಂಕಲ್! ಇದೇನಿದು, ಇದನ್ನ ಎಣ್ಣೆ ಬಾಂಡ್ಲಿ ಪಕ್ಕ ನೇತಾಕಿದೀರಲ್ಲ! ಇದು ಎಪ್ಪತ್ತು ಎಂಬತ್ತು ವರ್ಷ ಹಳೇದು. ಈ ಮರ ಈಗ ಸಿಗೋದೇ ಇಲ್ಲ!"

ಅಲ್ಲಿಗೆ ಮುಗಿಯಿತು ನೋಡಿ. ಆ ಹುಡುಗನೇ ಆರು ತಂತಿ ತಂದು ಕಟ್ಟಿದ. ಗಿಟಾರಿನ ಹೊಟ್ಟೆಯ ತೂತಿನೊಳಗೆ ಟಾರ್ಚ್ ಬಿಟ್ಟು, ಅಕ್ಷರ ಅಳಿಸಿಹೋದ ಹಳದಿ ಚೀಟಿಯೊಂದನ್ನು ತೋರಿಸಿದ. ತೋರಿಸುವುದೇನೋ ತೋರಿಸಿದ, ಜೊತೆಗೆ ಎರಡು ಮಾತು ಬಾಯಿಬಿಟ್ಟು ನನ್ನ ಸಂಸಾರವನ್ನು ಹಾಳುಮಾಡಿದ. ಒಂದು, ಹಳೇ ಮರಕ್ಕೆ ತೇವ ಆಗಿಬರುವುದಿಲ್ಲ. ಎರಡು, ಇಂಥ ಗಿಟಾರನ್ನು ದಿನಾ ನುಡಿಸಬೇಕು, ಇಲ್ಲದಿದ್ದರೆ ಮರ ನಿದ್ದೆ ಹೋಗಿಬಿಡುತ್ತದೆ. ಆಮೇಲೆ ಅವನು ಕೆಲಸ ಬದಲಿಸಿ ಎಲ್ಲೋ ಹೋದ. ಈಗಲೂ ಸಿಕ್ಕರೆ ಅವನಿಗೆ ನಾನು ಹೇಳಬೇಕಾದ್ದು ಬಹಳ ಇದೆ.

ನಾನು ಸೊಸೆಯಾಗಿ ಕಾಲಿಟ್ಟದ್ದು ಜೂನ್ ತಿಂಗಳಲ್ಲಿ. ವಿಜಯಪುರದ ಬಿಸಿಲಿನಿಂದ ನೇರ ಡೊಂಬಿವಲಿಯ ಮಳೆಗೆ. ಅತ್ತೆಯವರು ನಾನು ಬರುವ ಮೊದಲೇ ತೀರಿಹೋಗಿದ್ದರು. ಒಂದು ಬೆಡ್‌ರೂಮಿನ ಮನೆ, ಮಾವನವರು, ಗಂಡ, ನಾನು. ಎರಡನೇ ದಿನ ಬಟ್ಟೆ ಒಗೆದು, ಈ ಊರಿನ ಎಲ್ಲರಂತೆ ಹಾಲಿನಲ್ಲಿ ಫ್ಯಾನಿನ ಕೆಳಗೆ ಹಗ್ಗ ಕಟ್ಟಿ ಹರವಿದೆ. ಮಾವನವರು ಒಳಗೆ ಬಂದವರೇ ಹಾವು ಕಂಡವರ ಹಾಗೆ ನಿಂತರು.

"ಎಂತ ಮಾಡಿದ್ದು ಮಾರಾಯ್ತಿ! ಮನೆಯೊಳಗೆ ಒದ್ದೆ ಬಟ್ಟೆಯಾ!"

"ಹೊರಗ ಮಳಿ ಹೊಡ್ಯಾಕತ್ತೈತ್ರಿ ಮಾವಾರ. ಮತ್ತೆಲ್ಲಿ ಹಾಕ್ಲಿ?"

"ಎಲ್ಲಿ ಬೇಕಾದ್ರೂ ಹಾಕು. ಇಲ್ಲಿ ಬೇಡ. ಅದಕ್ಕೆ ಪಸೆ ಆಗುದಿಲ್ಲ."

'ಅದಕ್ಕೆ' ಎಂದರೆ ಯಾರಿಗೆ? ಮನೆಯಲ್ಲಿ ಅಸ್ತಮಾ ಇರುವ ಹಿರಿಯರಾರೋ ಇದ್ದಾರೆ, ನನಗೆ ಹೇಳಿಲ್ಲ ಎಂದುಕೊಂಡೆ! ಗಂಡ ತಲೆ ತಗ್ಗಿಸಿ ಬೆಡ್‌ರೂಮಿನ ಕಪಾಟು ತೆರೆದು ತೋರಿಸಿದರು. ಒಳಗೆ ಒಂದು ಝೀರೋ ಬಲ್ಬು ಉರಿಯುತ್ತಿತ್ತು. ಅದರ ಬೆಚ್ಚನೆಯ ಬೆಳಕಿನಲ್ಲಿ ಗಿಟಾರು ಆರಾಮಾಗಿ ಒರಗಿ ನಿಂತಿತ್ತು. ಮನೆಯ ಏಕೈಕ ಒಣ ಜಾಗ ಅದು. ನನ್ನ ಮದುವೆಯ ಇಳಕಲ್ ಸೀರೆಗಳು ಮೇಲಿನ ಅಟ್ಟದಲ್ಲಿ, ಟ್ರಂಕಿನಲ್ಲಿ, ಬೂಷ್ಟು ಹಿಡಿಯಲು ಅಣಿಯಾಗಿ ಕುಳಿತಿದ್ದವು. ಸೊಸೆಗಿಂತ ಮೊದಲು ಬಂದವಳಿಗೆ ಕಪಾಟು, ಆಮೇಲೆ ಬಂದವಳಿಗೆ ಅಟ್ಟ.

ಬಟ್ಟೆ ಎಲ್ಲಿಗೆ ಹೋಯಿತು ಎಂದಿರಾ? ಎದುರು ಮನೆಯ ಕಾಕುವಿನ ಹಾಲಿಗೆ. ಆ ಮರಾಠಿ ಮುದುಕಿ ಪುಣ್ಯಾತ್ಮಳು, ಎರಡು ಹಗ್ಗ ನಮಗೇ ಬಿಟ್ಟುಕೊಟ್ಟರು. "ಗಿಟಾರಲಾ ಸರ್ದೀ ಹೋತೇ ಕಾ ಗ?" ಎಂದು, ಗಿಟಾರಿಗೆ ನೆಗಡಿಯಾಗುತ್ತದೆಯೇ ಎಂದು ಕೇಳಿ ಬಿದ್ದು ಬಿದ್ದು ನಕ್ಕರು. ನಾಲ್ಕು ತಿಂಗಳು ನಮ್ಮ ಮನೆಯ ಒಳಉಡುಪುಗಳೆಲ್ಲ ಅವರ ಮನೆಗೆ ಬಂದ ಅತಿಥಿಗಳನ್ನು ಸ್ವಾಗತಿಸಿದವು. ಒಂದು ಸೋಮವಾರ ಅವಸರದಲ್ಲಿ ನನ್ನ ಗಂಡ ಕಾಕುವಿನ ಮಗನ, ಸೊಂಟದಲ್ಲಿ ನಿಲ್ಲದ ಪ್ಯಾಂಟು ಹಾಕಿಕೊಂಡು ಆಫೀಸಿಗೆ ಹೋಗಿ, ಇಡೀ ದಿನ ಕುರ್ಚಿಯಿಂದ ಏಳದೆ ಕೆಲಸ ಮಾಡಿ, ಸಾಹೇಬರಿಂದ ಶ್ರದ್ಧಾವಂತ ನೌಕರ ಎಂದು ಹೊಗಳಿಸಿಕೊಂಡು ಬಂದರು.

ಇಷ್ಟಕ್ಕೆ ನಿಂತಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಮರುವರ್ಷ ಗಾಳಿಯ ತೇವ ಅಳೆಯುವ ಒಂದು ಯಂತ್ರ ಬಂತು. ಗಡಿಯಾರದ ಹಾಗೆ ಒಂದು ಮುಳ್ಳು. ಬೇರೆ ಮನೆಗಳಲ್ಲಿ ಹಿರಿಯರು ಬಿಪಿ ನೋಡಿಕೊಳ್ಳುತ್ತಾರೆ, ನಮ್ಮವರು ಗೋಡೆಯ ಬಿಪಿ ನೋಡುತ್ತಿದ್ದರು. ಒಂದು ಭಾನುವಾರ ಇಡ್ಲಿ ಬೇಯಲು ಇಟ್ಟಿದ್ದೇನೆ, ಹಬೆ ಎದ್ದಿದೆ. ಹಾಲಿನಿಂದ ಕೂಗು ಬಂತು: "ಎಪ್ಪತ್ತೆಂಟು! ಎಪ್ಪತ್ತೆಂಟು ಆಯ್ತು! ಒಲೆ ಆರಿಸು!"

"ಇಡ್ಲಿ ಅರ್ಧ ಬೆಂದಾವ್ರಿ!"

"ಮಳೆಗಾಲದಲ್ಲಿ ಇಡ್ಲಿ ಎಂತಕ್ಕೆ? ಚಪಾತಿ ಮಾಡು."

ಹೇಗಿದೆ ನ್ಯಾಯ? ನಲವತ್ತು ವರ್ಷ ಇಡ್ಲಿ ಬೇಯಿಸಿ, ಅದರಿಂದಲೇ ಮನೆ ಕೊಂಡು, ಮಗನನ್ನು ಓದಿಸಿದ ಮನುಷ್ಯ ತನ್ನ ಮನೆಯಲ್ಲಿ ಇಡ್ಲಿಯನ್ನು ನಿಷೇಧಿಸಿದರು! ಅದೂ ಯಾವುದಕ್ಕಾಗಿ? ಎರಡು ವರ್ಷ ವಡೆಯ ಹೊಗೆ ಕುಡಿದು ಬೆಳೆದ ಗಿಟಾರಿಗಾಗಿ! ಈಗಲೂ ಅದರ ತೂತಿಗೆ ಮೂಗಿಟ್ಟರೆ ಬಟಾಟೆವಡೆಯ ವಾಸನೆ ಬರುತ್ತದೆ. ನಾನು ಅದನ್ನೇ ಎತ್ತಿ ಆಡಿದರೆ ಮಾವನವರು ಕಣ್ಣು ಮುಚ್ಚಿ, "ಆ ಎಣ್ಣೆ ಕುಡಿದೇ ಅದರ ಸ್ವರ ಅಷ್ಟು ಮೆತ್ತಗೆ ಆದದ್ದು" ಎಂದುಬಿಟ್ಟರು. ಇಂಥವರೊಡನೆ ವಾದ ಮಾಡುವುದಾದರೂ ಹೇಗೆ?

ಇನ್ನು ಮರವನ್ನು ನಿದ್ದೆ ಹೋಗದಂತೆ ಎಚ್ಚರವಿಡುವ ಕೆಲಸ. ಅದಕ್ಕೆಂದು ಮಾವನವರು ಕೋಪರಖೈರಣೆಯ ಒಂದು ಕ್ಲಾಸಿಗೆ ಸೇರಿದ್ದರು, ಚಡ್ಡಿ ಹಾಕಿದ ಮಕ್ಕಳ ನಡುವೆ ಕುಳಿತು ಕಲಿಯಲು. ಕಾದ ಕಾವಲಿ ಮುಟ್ಟಿ ಮುಟ್ಟಿ ದಪ್ಪಗಾದ ಬೆರಳುಗಳು ಅವು. ಒಂದು ತಂತಿ ಒತ್ತಿದರೆ ಪಕ್ಕದ್ದೂ ಕೆಳಗೆ ಹೋಗುತ್ತಿತ್ತಂತೆ. ನಾಲ್ಕನೇ ವಾರ ಬಂದವರೇ, "ನನಗೆ ಬಾರಿಸ್ಲಿಕ್ಕೆ ಬರುದಿಲ್ಲ. ಆದ್ರೆ ಕೇಳ್ಲಿಕ್ಕೆ ಬರ್ತದೆ" ಎಂದು ತೀರ್ಪು ಕೊಟ್ಟರು. ಅಂದಿನಿಂದ ಶುರುವಾಯಿತು ನಮ್ಮ ಮನೆಯ ಪ್ರಾತಃಕಾಲದ ಶಿಕ್ಷೆ.

ಬೆಳಿಗ್ಗೆ ಏಳೂ ಹತ್ತಕ್ಕೆ ಮಾವನವರು ಸ್ನಾನ ಮುಗಿಸಿ, ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು ಹೆಬ್ಬೆರಳಿನಿಂದ ಒಂದು ಸಲ, ಒಂದೇ ಸಲ ಮೀಟುತ್ತಾರೆ. ಆಮೇಲೆ ತೋರುಬೆರಳು ಮೇಲೆತ್ತುತ್ತಾರೆ. ಆ ಬೆರಳು ಕೆಳಗಿಳಿಯುವವರೆಗೆ ಮನೆಯಲ್ಲಿ ಫ್ಯಾನು ತಿರುಗುವಂತಿಲ್ಲ, ಮಿಕ್ಸರ್ ಹಾಕುವಂತಿಲ್ಲ, ನಲ್ಲಿ ಬಿಡುವಂತಿಲ್ಲ, ಕುಕ್ಕರ್ ಕೂಗುವಂತಿಲ್ಲ. ಕುಕ್ಕರಿಗೆ ಯಾರು ಹೇಳಬೇಕು? ಸ್ವರ ಸಣ್ಣಗಾಗುತ್ತಾ ಸಣ್ಣಗಾಗುತ್ತಾ ಹೋಗುತ್ತದೆ. ನನಗೆ ಮುಗಿದಂತೆ ಕೇಳಿಸುತ್ತದೆ. ಅವರ ಬೆರಳು ಮಾತ್ರ ಮೇಲೇ ಇರುತ್ತದೆ.

"ಹೋತ್ರಿ ಮಾವಾರ, ಮುಗೀತು."

"ಶ್! ಇನ್ನೂ ಉಂಟು."

"ಎಲ್ಲೈತ್ರಿ? ನನಗೇನೂ ಕೇಳವಲ್ದು."

"ನಿನಗೆ ಕಿವಿ ಇಲ್ಲ. ಇನ್ನೂ ಉಂಟು... ಉಂಟು... ಹಾಂ. ಹೋಯ್ತು."

ನನ್ನ ಕೆಲಸ ಠಾಣೆ ಊರಿನ ಒಂದು ಆಫೀಸಿನಲ್ಲಿ. ಏಳೂ ನಲವತ್ತೆರಡರ ಲೋಕಲ್ ಡೊಂಬಿವಲಿಯಿಂದಲೇ ಹೊರಡುತ್ತದೆ, ಸೀಟು ಸಿಗುತ್ತದೆ. ಅದು ತಪ್ಪಿದರೆ ಬದ್ಲಾಪುರದಿಂದ ತುಂಬಿ ಬರುವ ಗಾಡಿಗೆ ನೇತಾಡಬೇಕು. ಅದರ ಲೇಡೀಸ್ ಡಬ್ಬಿಯ ಬಾಗಿಲಲ್ಲಿ ಉಸಿರು ಒಳಗೆ ಎಳೆದುಕೊಂಡರೆ ಹೊರಗೆ ಬಿಡಲು ಜಾಗವಿರುವುದಿಲ್ಲ! ಹಾಗೆ ನೇತಾಡಿದ ದಿನವೆಲ್ಲ ನಾನು ಆ ದಪ್ಪ ತಂತಿಗೆ ಶಾಪ ಹಾಕಿದ್ದೇನೆ. ಸುಳ್ಳು ಹೇಳಲಾರೆ, ಸ್ವರ ಕೇಳಿಸುತ್ತಿರುವಾಗಲೇ "ಮುಗೀತ್ರಿ" ಎಂದು ಕೂಗಿ ಬ್ಯಾಗು ಎತ್ತಿಕೊಂಡು ಓಡಿದ ದಿನಗಳೂ ಬಹಳ. ಗಂಡನಂತೂ ಇಯರ್‌ಫೋನ್ ಸಿಕ್ಕಿಸಿಕೊಂಡು ತಲೆ ಅಲ್ಲಾಡಿಸುತ್ತಿದ್ದರು. ಮಾವನವರು ನಮ್ಮಿಬ್ಬರನ್ನೂ ನೋಡಿ, "ಈ ಮನೆಯಲ್ಲಿ ಒಬ್ಬರಾದ್ರೂ ಕಡೇ ತನಕ ಕೇಳುವವರು ಇಲ್ಲ ಅಲ್ವಾ" ಎನ್ನುತ್ತಿದ್ದರು. ಅದನ್ನು ನಾನು ಇನ್ನೊಂದು ದೂರು ಎಂದೇ ಲೆಕ್ಕ ಹಿಡಿದಿದ್ದೆ.

ಆಮೇಲೆ ಒಂದು ದಸರೆಗೆ ವಾರದ ಮುಂಚೆಯೇ ನಮ್ಮವ್ವ ಬಂದಳು. ನಮ್ಮ ಕಡೆ ಆಯುಧಪೂಜೆಗೆ ಖಂಡೇಪೂಜೆ ಎನ್ನುತ್ತಾರೆ. ಅವ್ವ ಬೆಳಗ್ಗೆಯೇ ಈಳಿಗೆ, ಕತ್ತರಿ, ಇಸ್ತ್ರಿಪೆಟ್ಟಿಗೆ, ಮಿಕ್ಸರ್ ಎಲ್ಲ ಸಾಲಾಗಿ ಜೋಡಿಸಿದಳು. ಇಷ್ಟು ದಿನ ಈ ಮನೆಯನ್ನು ನೋಡಿದ್ದಳಲ್ಲ, ಇಲ್ಲಿ ಎಲ್ಲಕ್ಕಿಂತ ದೊಡ್ಡ ಆಯುಧ ಯಾವುದು ಎಂಬುದರಲ್ಲಿ ಅವಳಿಗೆ ಸಂಶಯವೇ ಇರಲಿಲ್ಲ. ಮಾವನವರು ಕ್ಯಾಂಟೀನಿನ ಪೂಜೆ ಮುಗಿಸಿ ಬರುವಷ್ಟರಲ್ಲಿ ಕಪಾಟಿನಿಂದ ಗಿಟಾರನ್ನು ಹೊರತಂದು, ನಡುವೆ ಕೂರಿಸಿ, ಅದರ ಮುಖಕ್ಕೆ ಮೂರು ಬೆರಳಿನ ವಿಭೂತಿ ಎಳೆದು, ಕೆಳಗೆ ನೀರಿನಲ್ಲಿ ಕಲಸಿದ ಕುಂಕುಮವನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದ್ದಳು. ತಲೆಯ ಮೇಲೆ ಚೆಂಡುಹೂವು ಬೇರೆ!

ಮಾವನವರು ಬಂದರು. ನೋಡಿದರು. ಬೈಯುವುದು ಹೇಗೆ? ಪೂಜೆಯಾಗಿದೆ! ಅದೂ ಬೀಗಿತ್ತಿಯ ಕೈಯಿಂದ!

"ಅಷ್ಟು ಜ್ವಾಪಾನ ಮಾಡ್ತೀರಿ, ಅದಕ್ಕೊಂದು ಕುಂಕುಮಿಲ್ಲಂದ್ರ ಹೆಂಗ್ರಿ ಬೀಗರ?" ಎಂದಳು ಅವ್ವ, ಮುಗ್ಧವಾಗಿ.

ಮಾವನವರು ಮೆಲ್ಲಗೆ ಬಾಗಿ ಗಿಟಾರಿಗೆ ಕೈಮುಗಿದರು. ಆಮೇಲೆ ಬಾಲ್ಕನಿಗೆ ಹೋಗಿ ಬಹಳ ಹೊತ್ತು ರಸ್ತೆ ನೋಡುತ್ತಾ ನಿಂತರು. ವಿಭೂತಿ ಒರೆಸಿದರೆ ಹೋಯಿತು. ಕುಂಕುಮ ಹಳೇ ಮರದೊಳಗೆ ಇಳಿದುಬಿಟ್ಟಿತ್ತು. ಅವ್ವ ಊರಿಗೆ ಹೊರಡುವಾಗ ದಾರಿಗೆಂದು ಮಾವನವರೇ ಒಂದು ಡಬ್ಬಿ ಬನ್ಸ್ ಮಾಡಿಸಿ ತಂದುಕೊಟ್ಟರು. ನನಗೆ ಆಗಲೂ ಸಿಟ್ಟೇ ಬಂತು. ಬೈದಿದ್ದರೆ ತಿರುಗಿ ಒಂದು ಮಾತು ಆಡಬಹುದಿತ್ತು!

ಇದಾದ ಮೇಲೆ ಠಾಣೆ ಊರಿನಿಂದ ಒಬ್ಬರು ಬಂದರು. ಹಳೇ ಗಿಟಾರುಗಳನ್ನು ಹುಡುಕಿ ಕೊಳ್ಳುವ ಹವ್ಯಾಸದವರು, ಯಾರಿಂದಲೋ ಸುದ್ದಿ ತಿಳಿದು ಫೋನ್ ಮಾಡಿಕೊಂಡು ಬಂದದ್ದು. ನಾನು ಆ ದಿನ ಮೂರು ಬಗೆಯ ತಿಂಡಿ ಮಾಡಿದೆ. ಏಕೆ ಎಂದು ನಿಮಗೆ ಹೇಳಬೇಕಾಗಿಲ್ಲ. ಅವರು ಗಿಟಾರನ್ನು ಬೆಳಕಿಗೆ ಹಿಡಿದು, ಕುಂಕುಮದ ಗುರುತು ಕಂಡು, "ಅರೆರೆ, ಯೇ ಕ್ಯಾ ಹೋ ಗಯಾ!" ಎಂದು ತಲೆ ಹಿಡಿದುಕೊಂಡರು. ಇದರಿಂದ ಇದರ ಬೆಲೆ ಅರ್ಧ ಹೋಯಿತು ಎಂದರು.

"ಸ್ವರ ಅರ್ಧ ಹೋಗಿದೆಯಾ ನೋಡಿ" ಎಂದರು ಮಾವನವರು, ತಮ್ಮ ಕ್ಯಾಂಟೀನ್ ಹಿಂದಿಯಲ್ಲಿ.

ಬಂದವರು ಕುಳಿತು ನುಡಿಸಿದರು. ನಾನು ಚಹಾ ತರುತ್ತಿದ್ದವಳು ಬಾಗಿಲಲ್ಲೇ ನಿಂತೆ. ಇಷ್ಟು ವರ್ಷ ಒಂದು ತಂತಿಯನ್ನಷ್ಟೇ ಕೇಳಿದ್ದ ನನಗೆ ಆ ಪೆಟ್ಟಿಗೆಯೊಳಗೆ ಇಷ್ಟೆಲ್ಲ ಇದೆ ಎಂದು ಹೇಗೆ ಗೊತ್ತಾಗಬೇಕು? ಕಾಲೇಜು ಹುಡುಗರು ಸ್ಟೇಷನ್ನಿನ ಸೇತುವೆಯ ಮೇಲೆ ಬಾರಿಸುವ ಹೊಸ ಗಿಟಾರಿನ ಹಾಗೆ ಝಣಝಣ ಎನ್ನುವುದಲ್ಲ ಅದು. ತಂತಿ ಮುಟ್ಟಿದ ಮೇಲೆ ಒಂದು ಕ್ಷಣ ತಡೆದು, ಮರದ ಒಳಗಿನಿಂದ ಯಾರೋ ಹೂಂ ಎಂದು ಓಗೊಟ್ಟಂತೆ ಬರುತ್ತಿತ್ತು. ಚಿಕ್ಕವಳಿದ್ದಾಗ ನಮ್ಮ ಮನೆಯ ಖಾಲಿ ಹಗೇವಿನ, ಕಾಳು ತುಂಬಿಡುವ ನೆಲಗುಂಡಿಯ, ಬಾಯಿಗೆ ಮುಖ ಇಟ್ಟು, ಜೋಳವಿಲ್ಲದ ಆ ಕತ್ತಲೆಯೊಳಗೆ ನನ್ನ ಹೆಸರನ್ನು ನಾನೇ ಕೂಗುತ್ತಿದ್ದೆ, ಅದು ಬೆಚ್ಚಗಾಗಿ, ದೊಡ್ಡದಾಗಿ ತಿರುಗಿ ಬರುತ್ತಿತ್ತು. ಹಾಗೆ ಇತ್ತು. ನನಗೆ ಕಣ್ಣು ತುಂಬಿತು, ತುಂಬಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ನನ್ನ ಸೀರೆಗೆ ಬೂಷ್ಟು ಹಿಡಿಸಿದ, ನನ್ನ ಇಡ್ಲಿಯ ಒಲೆ ಆರಿಸಿದ ವಸ್ತು ಇಷ್ಟು ಚೆಂದ ನುಡಿಯುವುದು ಅನ್ಯಾಯವಲ್ಲವೇ?

ಬಂದವರು ಗಿಟಾರನ್ನು ಕೆಳಗಿಡಲೇ ಮನಸ್ಸಿಲ್ಲದೆ, ಅರ್ಧವಲ್ಲ, ಪೂರ್ತಿ ಬೆಲೆಗೇ ಕೊಡಿ ಎಂದರು. ಮಾವನವರು, "ನೀವು ಚೆಂದ ಬಾರಿಸ್ತೀರಿ. ತಿಂಡಿ ತಿನ್ನಿ" ಎಂದು ಗಿಟಾರನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದರು. ಮೂರು ಬಗೆಯ ತಿಂಡಿ ದಂಡವಾಯಿತು.

ಅದಾಗಿ ಎರಡು ಮೂರು ವರ್ಷಗಳ ನಂತರ, ನನಗೆ ಗೆಲುವು ಸಿಗತೊಡಗಿತು. ಹೌದು, ಆಗ ನಾನು ಅದನ್ನು ಗೆಲುವು ಎಂದೇ ತಿಳಿದಿದ್ದೆ. ಮಾವನವರು ಕ್ಯಾಂಟೀನನ್ನು ಬೇರೆಯವರಿಗೆ ವಹಿಸಿ ಮನೆಯಲ್ಲಿದ್ದರು. ಬೆಳಗಿನ ಹೊತ್ತು ಮಿಕ್ಸರ್ ಹಾಕಿದರೂ ಗದರುತ್ತಿರಲಿಲ್ಲ. ಕುಕ್ಕರ್ ಕೂಗಿದರೂ ಹುಬ್ಬು ಗಂಟಿಕ್ಕುತ್ತಿರಲಿಲ್ಲ. ತಂತಿ ಮೀಟಿ, ಬೆರಳೆತ್ತಿ, ಐದಾರು ಎಣಿಸುವುದರೊಳಗೆ "ಹೋಯ್ತು" ಎಂದುಬಿಡುತ್ತಿದ್ದರು. ಒಂದು ತಿಂಗಳು ನಾನು ಒಂದು ದಿನವೂ ಗಾಡಿ ತಪ್ಪಿಸಿಕೊಳ್ಳಲಿಲ್ಲ! ಅಂತೂ ಮುದುಕರಿಗೆ ಬುದ್ಧಿ ಬಂತು, ಹತ್ತು ವರ್ಷ ಜಗಳವಾಡಿದ್ದು ಸಾರ್ಥಕವಾಯಿತು ಎಂದು ಲೇಡೀಸ್ ಡಬ್ಬಿಯಲ್ಲಿ ಗೆಳತಿಯರ ಮುಂದೆ ಕೊಚ್ಚಿಕೊಂಡೆ.

ಒಂದು ದಿನ ಆಫೀಸಿಗೆ ರಜೆಯಿತ್ತು. ಮನೆಯಲ್ಲಿ ನಾವಿಬ್ಬರೇ. ಓಡುವ ಅವಸರವಿಲ್ಲದ್ದರಿಂದ ಚಹಾ ಹಿಡಿದು ಅವರ ಎದುರಿಗೇ ಕುಳಿತೆ. ಅವರು ತಂತಿ ಮೀಟಿದರು. ಬೆರಳೆತ್ತಿದರು. ಇಳಿಸಿದರು.

"ಹೋಯ್ತು" ಎಂದರು.

ಹೋಗಿರಲಿಲ್ಲ! ಸ್ವರ ಕೋಣೆಯ ತುಂಬ ಇತ್ತು. ನನ್ನ ಕೈಯಲ್ಲಿದ್ದ ಬಟ್ಟಲಿನ ಅಂಚಿನಲ್ಲಿ ಕೂಡ ಇತ್ತು. ನಾನು ಅವರ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ಗಿಟಾರನ್ನು ಒರೆಸುವ ಬಟ್ಟೆಗಾಗಿ ಕೈ ಚಾಚುತ್ತಿದ್ದರು, ಆ ಸ್ವರ ಅವರ ಹೊಟ್ಟೆಗೆ ಒರಗಿಕೊಂಡೇ ನುಡಿಯುತ್ತಿತ್ತು. ಟಿವಿ ಅಷ್ಟು ಜೋರಾಗಿ ಇಡುತ್ತಿದ್ದದ್ದು, ಕರೆದರೆ ಎರಡು ಸಲ ಕರೆಸಿಕೊಳ್ಳುತ್ತಿದ್ದದ್ದು, ಫೋನು ಬಂದರೆ ನನ್ನ ಕೈಗೆ ಕೊಡುತ್ತಿದ್ದದ್ದು, ಎಲ್ಲವೂ ಒಂದೇ ಸಲ ನನಗೆ ಅರ್ಥವಾಯಿತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಈ ಸಲ ಗಿಟಾರಿನ ಮೇಲಲ್ಲ, ಅವರ ಮೇಲೂ ಅಲ್ಲ. ಇಡೀ ತಿಂಗಳು ಗೆದ್ದೆ ಗೆದ್ದೆ ಎಂದು ಕುಣಿದವಳ ಮೇಲೆ.

"ಇಲ್ರಿ ಮಾವಾರ," ಎಂದೆ ಗಟ್ಟಿಯಾಗಿ, "ಇನ್ನೂ ಐತ್ರಿ."

ಅವರ ಕೈ ನಿಂತಿತು. ನನ್ನನ್ನು ನೋಡಿದರು. ಕಳ್ಳತನದಲ್ಲಿ ಸಿಕ್ಕಿಬಿದ್ದ ಮಗುವಿನಂತೆ ಒಂದು ಕ್ಷಣ ಮುಖ ಸಣ್ಣದಾಯಿತು. ಆಮೇಲೆ ಬಹಳ ಮೆಲ್ಲಗೆ, "ಉಂಟಾ?" ಎಂದು ಕೇಳಿದರು. "ನಿನಗೆ ಕೇಳ್ತದಾ ಮಗಾ?"

ಹೂಂ ಎಂದು ತಲೆಯಾಡಿಸಿದೆ. ಅವರು ಬಟ್ಟೆಯನ್ನು ಕೆಳಗಿಟ್ಟು, ಅಲುಗಾಡದೆ, ನನ್ನ ಮುಖವನ್ನೇ ನೋಡುತ್ತಾ ಕುಳಿತರು.

ಡಾಕ್ಟರು ಕಿವಿಗೆ ಯಂತ್ರ ಕೊಟ್ಟರು. ಅದು ಮಾತು ಕೇಳಿಸುತ್ತದೆ, ಬಾಗಿಲ ಗಂಟೆ ಕೇಳಿಸುತ್ತದೆ, ಆ ತಂತಿಯ ಕೊನೆಯನ್ನು ಕೇಳಿಸುವುದಿಲ್ಲ ಎಂದು ಮಾವನವರು ಬೆಳಿಗ್ಗೆ ಅದನ್ನು ತೆಗೆದಿಡುತ್ತಾರೆ. ತಂತಿ ಮೀಟಿ ನನ್ನ ಕಡೆ ತಿರುಗುತ್ತಾರೆ. ಅವರ ಸ್ವರ ಈಗ ನನ್ನ ಮುಖದಲ್ಲಿ ಇದೆ. ನಾನು ಫ್ಯಾನು ಆರಿಸಿ, ಎದುರು ಕುಳಿತು, ತಲೆಯಾಡಿಸುತ್ತಾ ಕೇಳುತ್ತೇನೆ. ಮುಗಿದ ಮೇಲೂ ಸ್ವಲ್ಪ ಹೊತ್ತು, ಅವರು ನೋಡುತ್ತಿರುವಷ್ಟು ಹೊತ್ತು, ತಲೆಯಾಡಿಸುತ್ತಲೇ ಇರುತ್ತೇನೆ.